ಕಿರುತೆರೆಯ ವಿಜ್ಞಾನ ಸಾಕ್ಷ್ಯಚಿತ್ರಗಳಲ್ಲಿ ‘ಹೇಗೆ ಗೊತ್ತಾಯಿತು’ ಎಂಬ ಪ್ರಶ್ನೆಗೆ ಜಾಗವೆಷ್ಟು?

ನೆರಳುಗೋಲು:

ಸಾಮಾನ್ಯ ವೀಕ್ಷಕರಿಗಾಗಿ ತಯಾರಾಗುವ ವಿಜ್ಞಾನ ಸಾಕ್ಷ್ಯಚಿತ್ರಗಳ ಮಾತು ಬಂದಾಗಲೆಲ್ಲ ಚರ್ಚೆ ದೃಶ್ಯವೈಭವದ ಸುತ್ತಲೇ ಗಿರಕಿ ಹೊಡೆಯುತ್ತದೆ. ಛಾಯಾಗ್ರಹಣ ಎಷ್ಟು ಸೊಗಸಾಗಿದೆ, ಗ್ರಾಫಿಕ್ಸ್ ಎಷ್ಟು ನೈಜವಾಗಿದೆ, ನಿರೂಪಕರ ಧ್ವನಿಗೆ ಎಂಥ ಗಾಂಭೀರ್ಯವಿದೆ ಎಂಬಲ್ಲಿಗೆ ಹೊಗಳಿಕೆಯೂ ತೆಗಳಿಕೆಯೂ ಮುಗಿದುಹೋಗುತ್ತವೆ. ನಾನು ಬೇರೊಂದು ಅಳತೆಯನ್ನು ಮುಂದಿಡಲು ಬಯಸುತ್ತೇನೆ. ಕಂತು ಮುಗಿದ ಮೇಲೆ, ಅದರಲ್ಲಿ ಹೇಳಿದ ಮುಖ್ಯ ಸಂಗತಿ ವಿಜ್ಞಾನಿಗಳಿಗೆ ಗೊತ್ತಾದದ್ದಾದರೂ ಹೇಗೆ ಎಂದು ಯಾರಾದರೂ ಕೇಳಿದರೆ, ನೋಡಿದವರು ಎರಡು ವಾಕ್ಯಗಳಲ್ಲಿ ಉತ್ತರಿಸಬಲ್ಲರೇ? ಉತ್ತರಿಸಲಾರರಾದರೆ ಆ ಕಂತು ಅವರಿಗೆ ಮಾಹಿತಿಯನ್ನು ಕೊಟ್ಟಿದೆ, ವಿಜ್ಞಾನವನ್ನು ಕೊಟ್ಟಿಲ್ಲ.

ಉದಾಹರಣೆಗೆ, 1980ರಲ್ಲಿ ಪ್ರಸಾರವಾದ ಕಾರ್ಲ್ ಸೇಗನ್ ಅವರ ‘ಕಾಸ್ಮೋಸ್’ ಸರಣಿಯ ಮೊದಲ ಕಂತಿನಲ್ಲಿ ಪ್ರಾಚೀನ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಭೂಮಿಯ ಸುತ್ತಳತೆಯನ್ನು ಕಂಡುಕೊಂಡ ಬಗೆಯನ್ನು ವಿವರಿಸುವ ಭಾಗವನ್ನು ನೋಡಿ. ಸೇಗನ್ ಕೈಯಲ್ಲಿರುವುದು ಪ್ರಾಚೀನ ಈಜಿಪ್ಟಿನ ಒಂದು ನಕ್ಷೆ ಮತ್ತು ಅದರ ಮೇಲೆ ನಿಲ್ಲಿಸಿದ ಎರಡು ಪುಟ್ಟ ಕಂಬಗಳು. ಒಂದು ಅಲೆಕ್ಸಾಂಡ್ರಿಯದಲ್ಲಿ, ಇನ್ನೊಂದು ದಕ್ಷಿಣದ ಸಿಯೀನಿನಲ್ಲಿ, ಅಂದರೆ ಇಂದಿನ ಆಸ್ವಾನ್‌ನಲ್ಲಿ. ನಕ್ಷೆ ಚಪ್ಪಟೆಯಾಗಿರುವವರೆಗೆ ಎರಡೂ ಕಂಬಗಳ ನೆರಳು ಒಂದೇ ರೀತಿ ಬೀಳುತ್ತದೆ. ಅವರು ನಕ್ಷೆಯನ್ನು ಬೆರಳುಗಳಿಂದ ಮೆಲ್ಲಗೆ ಬಾಗಿಸಿದ ಕೂಡಲೇ ಒಂದು ಕಂಬದ ನೆರಳು ಉದ್ದವಾಗುತ್ತದೆ, ಇನ್ನೊಂದಕ್ಕೆ ನೆರಳೇ ಇಲ್ಲ. ಅಲ್ಲಿಂದ ಮುಂದೆ ಲೆಕ್ಕ ಬಹಳ ಸರಳ: ನೆರಳುಗಳ ವ್ಯತ್ಯಾಸದಿಂದ ಬರುವ ಕೋನ ಸುಮಾರು 7 ಡಿಗ್ರಿ, ಅಂದರೆ ವೃತ್ತದ ಐವತ್ತರಲ್ಲಿ ಒಂದು ಪಾಲು, ಎರಡು ಊರುಗಳ ನಡುವಿನ ದೂರ ಸುಮಾರು 800 ಕಿಲೋಮೀಟರ್, ಐವತ್ತರಿಂದ ಗುಣಿಸಿದರೆ 40,000. ಇದರಲ್ಲಿ ದುಬಾರಿಯಾದದ್ದು ಯಾವುದೂ ಇಲ್ಲ. ಆದರೂ ನೋಡುಗರು ಈ ಉತ್ತರವನ್ನು ನಂಬಿಕೆಯಿಂದಲ್ಲ, ತರ್ಕದಿಂದ ಒಪ್ಪಿಕೊಳ್ಳುತ್ತಾರೆ. ಬೇಕಿದ್ದರೆ ತಾವೇ ಮಾಡಿಯೂ ನೋಡಬಹುದು.

ಈಗಿನ ಅನೇಕ ಕಾರ್ಯಕ್ರಮಗಳಲ್ಲಿ ಈ ಬಾಗುವ ನಕ್ಷೆಯ ಜಾಗವನ್ನು ಸಿದ್ಧ ಚಿತ್ರಗಳು ಆಕ್ರಮಿಸಿವೆ. ಕಪ್ಪುಕುಳಿಯೊಂದು ನಕ್ಷತ್ರವನ್ನು ನುಂಗುವುದನ್ನು ಕ್ಯಾಮೆರಾ ಪಕ್ಕದಲ್ಲೇ ನಿಂತು ಕಂಡಂತೆ ತೋರಿಸುತ್ತಾರೆ. ಅದರಲ್ಲಿ ಅಳೆದದ್ದೆಷ್ಟು, ಸಮೀಕರಣದಿಂದ ಬಂದದ್ದೆಷ್ಟು, ಕಲಾವಿದರು ಸೇರಿಸಿದ್ದೆಷ್ಟು ಎಂಬುದರ ಸುಳಿವೇ ಇರುವುದಿಲ್ಲ. ಇದನ್ನು ಶೈಲಿಯ ದೋಷ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಕತ್ತರಿಕೋಣೆ:

ನಾನು ಸಂಕಲನದ ಕೆಲಸ ಮಾಡುವವನಾದ್ದರಿಂದ, ನೀವು ದೂರುತ್ತಿರುವ ಸಂಗತಿ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಒಳಗಿನಿಂದ ಹೇಳಬಲ್ಲೆ. ಜಾಹೀರಾತು ಇರುವ ವಾಹಿನಿಗಳಲ್ಲಿ ಒಂದು ಗಂಟೆಯ ಕಾರ್ಯಕ್ರಮವೆಂದರೆ ಹೆಚ್ಚುಕಡಿಮೆ 44 ನಿಮಿಷಗಳ ಚಿತ್ರ. ಅದನ್ನು ನಾಲ್ಕೈದು ತುಂಡುಗಳಾಗಿ ಒಡೆಯಬೇಕು. ಪ್ರತಿ ತುಂಡಿನ ಕೊನೆಗೆ ಮುಂದೇನಾಗುತ್ತದೆ ಎಂಬ ಆಮಿಷವನ್ನೂ, ವಿರಾಮ ಮುಗಿದ ಮೇಲೆ ಇದುವರೆಗೆ ಏನಾಯಿತು ಎಂಬ ಪುನರಾವರ್ತನೆಯನ್ನೂ ಇಡಬೇಕು. ನಕ್ಷೆ ಬಾಗಿಸುವಂಥ ವಾದಕ್ಕೆ ಆರೇಳು ನಿಮಿಷಗಳ ಅಖಂಡ ಗಮನ ಬೇಕು. ಮಧ್ಯದಲ್ಲಿ ವಿರಾಮ ಬಂದರೆ ಮೊದಲ ಹೆಜ್ಜೆಯೇ ಮರೆತುಹೋಗುತ್ತದೆ. ಹೀಗಾಗಿ ಎರಡೆರಡು ನಿಮಿಷಗಳಲ್ಲಿ ಮುಗಿಯುವ ತೀರ್ಮಾನಗಳಷ್ಟೇ ಉಳಿದುಕೊಳ್ಳುತ್ತವೆ.

ಇನ್ನೊಂದು ಕಾರಣವಿದೆ, ಅದರ ಬಗ್ಗೆ ಹೊರಗಿನವರು ಯೋಚಿಸುವುದು ಕಡಿಮೆ. ದೊಡ್ಡ ಬಂಡವಾಳದ ಸರಣಿಗಳು ಹಲವು ದೇಶಗಳ ವಾಹಿನಿಗಳಿಗೆ ಮಾರಾಟವಾಗಬೇಕು. ನಿರೂಪಕರು ತೆರೆಯ ಮೇಲೆ ಕಾಣಿಸಿಕೊಂಡು ಮಾತನಾಡಿದರೆ ಬೇರೆ ಭಾಷೆಯ ಧ್ವನಿ ಕೂಡಿಸುವುದು ಕಷ್ಟ, ಕೂಡಿಸಿದರೂ ಬಾಯಿಗೂ ಮಾತಿಗೂ ತಾಳವಿಲ್ಲದೆ ಕಿರಿಕಿರಿಯಾಗುತ್ತದೆ. ಸಂಗೀತ ಮತ್ತು ಶಬ್ದಗಳ ಪಟ್ಟಿಯನ್ನು ಬೇರೆಯಾಗಿಟ್ಟು, ಅಶರೀರ ಹಿನ್ನೆಲೆ ಧ್ವನಿಯನ್ನಷ್ಟೇ ಬದಲಿಸುವಂತೆ ಮಾಡಿದರೆ ಒಂದೇ ಚಿತ್ರ ಎಲ್ಲ ಕಡೆಗೂ ಸಲ್ಲುತ್ತದೆ. ಇದರಿಂದ ಕಳೆದುಹೋಗುವುದು ಏನೆಂದರೆ, ತಡವರಿಸಬಲ್ಲ ಮನುಷ್ಯ. ತೆರೆಯ ಮೇಲೆ ನಿಂತವರು ‘ನನಗೆ ಹೀಗನ್ನಿಸುತ್ತದೆ’ ಎಂದೋ ‘ಇದರ ಬಗ್ಗೆ ಒಮ್ಮತವಿಲ್ಲ’ ಎಂದೋ ಹೇಳಬಹುದು, ಹೇಳಿದರೆ ಒಪ್ಪುತ್ತದೆ. ಮುಖವಿಲ್ಲದ ಧ್ವನಿ ಹಾಗೆಂದರೆ ಬರಹಗಾರರಿಗೆ ವಿಷಯ ತಿಳಿದಿಲ್ಲವೇನೋ ಎನಿಸುತ್ತದೆ. ಆದ್ದರಿಂದ ಅದು ಎಲ್ಲವನ್ನೂ ಒಂದೇ ಖಚಿತ ದನಿಯಲ್ಲಿ ಹೇಳುತ್ತ ಹೋಗುತ್ತದೆ.

ಪಾಠದ ಮನೆ:

ಭೌತವಿಜ್ಞಾನ ಕಲಿಸುವವಳಾಗಿ ನೆರಳುಗೋಲು ಅವರ ಕಾಳಜಿಯನ್ನು ಒಪ್ಪುತ್ತೇನೆ, ಆದರೆ ಅಳತೆಯನ್ನು ಒಪ್ಪಲಾರೆ. ವಿಧಾನವನ್ನು ಕಲಿಸಲು ತರಗತಿಯಿದೆ, ಪುಸ್ತಕವಿದೆ. ಕಿರುತೆರೆ ಮಾಡಬಲ್ಲ, ತರಗತಿ ಮಾಡಲಾರದ ಕೆಲಸ ಬೇರೆಯೇ ಇದೆ. 1979ರ ‘ಲೈಫ್ ಆನ್ ಅರ್ಥ್’ ಸರಣಿಗಾಗಿ ಡೇವಿಡ್ ಅಟೆನ್‌ಬರೋ ರುವಾಂಡದ ಪರ್ವತ ಗೊರಿಲ್ಲಾಗಳ ನಡುವೆ ಕುಳಿತಾಗ, ಹೆಬ್ಬೆರಳು ಇತರ ಬೆರಳುಗಳಿಗೆ ಎದುರಾಗಿ ನಿಲ್ಲುವುದರ ಮಹತ್ವವನ್ನು ವಿವರಿಸುವುದು ಅವರ ಯೋಜನೆಯಾಗಿತ್ತು. ಗೊರಿಲ್ಲಾ ಅಷ್ಟು ಹತ್ತಿರ ಬಂದಾಗ ಆ ಪಾಠವನ್ನು ಬದಿಗಿಟ್ಟು, ಪಿಸುದನಿಯಲ್ಲಿ, ಆ ಪ್ರಾಣಿಯ ನೋಟದ ಬಗ್ಗೆ ಮಾತನಾಡಿದರು. ಆ ಸರಣಿಯ 13 ಕಂತುಗಳಲ್ಲಿ ಜನ ನೆನಪಿಟ್ಟುಕೊಂಡದ್ದು ಅದನ್ನೇ. ನಿಮ್ಮ ಪರೀಕ್ಷೆಯ ಪ್ರಕಾರ ಆ ದೃಶ್ಯಕ್ಕೆ ಸೊನ್ನೆ ಅಂಕ ಸಿಗುತ್ತದೆ, ಏಕೆಂದರೆ ಅಲ್ಲಿ ಯಾವ ಪುರಾವೆಯೂ ಇಲ್ಲ, ತರ್ಕವೂ ಇಲ್ಲ. ಆದರೆ ಪ್ರಾಣಿವಿಜ್ಞಾನದ ಕಡೆಗೆ ಹೊರಳಿದವರಲ್ಲಿ ಎಷ್ಟೋ ಮಂದಿಯನ್ನು ಕೇಳಿದರೆ ಇಂಥ ಯಾವುದೋ ದೃಶ್ಯವನ್ನೇ ಹೆಸರಿಸುತ್ತಾರೆ.

ಇನ್ನೂ ಕಠಿಣವಾದ ಉದಾಹರಣೆ ಗಣಿತದ್ದು. 1996ರಲ್ಲಿ ಬಿಬಿಸಿಯ ‘ಹೊರೈಜನ್’ ಮಾಲಿಕೆಯಲ್ಲಿ ಸೈಮನ್ ಸಿಂಗ್ ನಿರ್ದೇಶಿಸಿದ, ಫರ್ಮಾನ ಕೊನೆಯ ಪ್ರಮೇಯ ಎಂಬ, ಶತಮಾನಗಳ ಕಾಲ ಬಗೆಹರಿಯದೆ ಉಳಿದಿದ್ದ ಗಣಿತ ಸಮಸ್ಯೆಯ ಕುರಿತ ಚಿತ್ರವಿದೆಯಲ್ಲ, ಅದನ್ನು ನೋಡಿದ ಸಾಮಾನ್ಯರಲ್ಲಿ ಯಾರಿಗೂ ಅದನ್ನು ಬಿಡಿಸಿದ ಗಣಿತಜ್ಞ ಆಂಡ್ರ್ಯೂ ವೈಲ್ಸ್ ಅವರ ರುಜುವಾತಿನ ಒಂದು ಸಾಲೂ ಅರ್ಥವಾಗಿರಲಾರದು. ಆರಂಭದಲ್ಲೇ ವೈಲ್ಸ್ ತಮ್ಮ ಮೇಜಿನ ಮುಂದೆ ಕುಳಿತು, ಪರಿಹಾರ ಹೊಳೆದ ಗಳಿಗೆಯನ್ನು ವಿವರಿಸಲು ಹೋಗಿ ಮಾತು ಮುಂದುವರಿಸಲಾಗದೆ ಮುಖ ತಿರುಗಿಸುತ್ತಾರೆ. ಅಷ್ಟೇ ಸಾಕು, ಮುಂದಿನ ಮುಕ್ಕಾಲು ಗಂಟೆ ಯಾರೂ ಎದ್ದು ಹೋಗುವುದಿಲ್ಲ.

ನೆರಳುಗೋಲು:

ಗೊರಿಲ್ಲಾ ದೃಶ್ಯದ ಬಗ್ಗೆ ನನ್ನ ತಕರಾರಿಲ್ಲ. ಫರ್ಮಾ ಚಿತ್ರ ಮಾತ್ರ ನಿಮ್ಮ ಪಕ್ಷದ ಸಾಕ್ಷಿಯಲ್ಲ, ನನ್ನ ಪಕ್ಷದ್ದು. ರುಜುವಾತಿನ ಸಾಲುಗಳು ಅರ್ಥವಾಗದಿರಬಹುದು, ಆದರೆ ಗಣಿತದಲ್ಲಿ ಒಂದು ಮಾತು ನಿಜವೆಂದು ತೀರ್ಮಾನವಾಗುವುದು ಹೇಗೆ ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಏಳು ವರ್ಷ ಗುಟ್ಟಾಗಿ ಕೆಲಸ ಮಾಡಿದ ವ್ಯಕ್ತಿ 1993ರ ಜೂನ್‌ನಲ್ಲಿ ಕೇಂಬ್ರಿಜ್‌ನ ಉಪನ್ಯಾಸದಲ್ಲಿ ಫಲಿತಾಂಶವನ್ನು ಪ್ರಕಟಿಸುತ್ತಾರೆ, ಪತ್ರಿಕೆಗಳು ಕೊಂಡಾಡುತ್ತವೆ, ಆಮೇಲೆ ಪರಿಶೀಲಕರ ಕಣ್ಣಿಗೆ ಒಂದು ಕೊರತೆ ಬೀಳುತ್ತದೆ, ಅದನ್ನು ಸರಿಪಡಿಸಲು 1994ರ ಸೆಪ್ಟೆಂಬರ್ ತನಕ ಹೆಣಗಬೇಕಾಗುತ್ತದೆ. ಕೀರ್ತಿ ಬಂದ ಮೇಲೂ ರುಜುವಾತು ಪೂರ್ಣವಾಗಿರಲಿಲ್ಲ ಎಂಬುದೇ ಆ ಚಿತ್ರದ ನಿಜವಾದ ವಸ್ತು. ಅದರಲ್ಲಿ ಜಪಾನಿನ ಗಣಿತಜ್ಞ ಗೊರೋ ಶಿಮುರಾ ತಮ್ಮ ಗೆಳೆಯ, ಗಣಿತಜ್ಞ ತಾನಿಯಾಮಾ ಅವರನ್ನು ನೆನೆದು, ಆತ ತಪ್ಪುಗಳನ್ನು ಮಾಡುತ್ತಿದ್ದರೂ ಅವು ಒಳ್ಳೆಯ ದಿಕ್ಕಿನ ತಪ್ಪುಗಳಾಗಿದ್ದವು, ಹಾಗೆ ತಪ್ಪು ಮಾಡಲು ತಾನೂ ಪ್ರಯತ್ನಿಸಿ ಸೋತೆ ಎಂಬರ್ಥದ ಮಾತನ್ನಾಡುತ್ತಾರೆ. ಸಂಶೋಧನೆಯ ಸ್ವಭಾವವನ್ನು ಇದಕ್ಕಿಂತ ಚುರುಕಾಗಿ ಹೇಳಿದ ಗ್ರಾಫಿಕ್ಸ್ ಅನ್ನು ನಾನು ಕಂಡಿಲ್ಲ.

ಕಾಡುಪಾಪ:

ಪ್ರಕೃತಿ ಚಿತ್ರಗಳ ಕಡೆಯಿಂದ ಒಂದು ಎಚ್ಚರಿಕೆ ಹೇಳಬೇಕಿದೆ. ಇಲ್ಲಿ ಎಲ್ಲರೂ ಗ್ರಾಫಿಕ್ಸ್ ಮೇಲೆ ಅನುಮಾನಪಟ್ಟು, ಕ್ಯಾಮೆರಾ ಕಂಡದ್ದನ್ನು ಸಾಕ್ಷ್ಯವೆಂದು ತೆಗೆದುಕೊಳ್ಳುತ್ತಿದ್ದೀರಿ. ಕ್ಯಾಮೆರಾವೂ ಅಷ್ಟೇ ಸಲೀಸಾಗಿ ಸುಳ್ಳು ಹೇಳಬಲ್ಲದು.

ಇದರ ಕುಖ್ಯಾತ ನಿದರ್ಶನ 1958ರ ಡಿಸ್ನಿ ಚಿತ್ರ ‘ವೈಟ್ ವೈಲ್ಡರ್‌ನೆಸ್’. ಮೂಲತಃ ಚಿತ್ರಮಂದಿರಕ್ಕಾಗಿ ತಯಾರಾದ, ಸಾಕ್ಷ್ಯಚಿತ್ರ ವಿಭಾಗದಲ್ಲಿ ಆಸ್ಕರ್ ಪಡೆದ ಆ ಚಿತ್ರದಲ್ಲಿ ಲೆಮಿಂಗ್ ಎಂಬ ಪುಟ್ಟ ದಂಶಕಗಳು ಗುಂಪುಗುಂಪಾಗಿ ಬಂದು ಬಂಡೆಯಂಚಿನಿಂದ ಸಮುದ್ರಕ್ಕೆ ಧುಮುಕುತ್ತವೆ. ಚಿತ್ರೀಕರಣ ನಡೆದದ್ದು ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ. ಅದಕ್ಕೆ ಕಡಲ ತೀರವೇ ಇಲ್ಲ. ಲೆಮಿಂಗ್‌ಗಳನ್ನು ಬೇರೆಡೆಯಿಂದ ಕೊಂಡು ತರಲಾಗಿತ್ತು, ಹಿಮ ಹಾಸಿದ ತಿರುಗುವ ವೇದಿಕೆಯ ಮೇಲೆ ಓಡಿಸಿ ಅವು ಅಸಂಖ್ಯವೆಂಬಂತೆ ತೋರಿಸಲಾಗಿತ್ತು, ಕೊನೆಗೆ ನದಿಯ ದಂಡೆಯಿಂದ ಕೆಳಗೆ ಅಟ್ಟಲಾಗಿತ್ತು. ಕೆನಡಾದ ಸಿಬಿಸಿ ವಾಹಿನಿ 1982ರಲ್ಲಿ ಇದನ್ನು ಬಯಲಿಗೆಳೆಯುವ ಹೊತ್ತಿಗೆ ಲೆಮಿಂಗ್‌ಗಳು ಸಾಮೂಹಿಕ ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂಬ ನಂಬಿಕೆ ಜಗತ್ತಿನಾದ್ಯಂತ ಬೇರೂರಿಬಿಟ್ಟಿತ್ತು. ನಿಜವಾದ ವಿದ್ಯಮಾನ ಆ ಕಟ್ಟುಕತೆಗಿಂತ ಸ್ವಾರಸ್ಯಕರ. ಅವುಗಳ ಸಂಖ್ಯೆ ಕೆಲವು ವರ್ಷಗಳಿಗೊಮ್ಮೆ ವಿಪರೀತ ಏರಿ ಕುಸಿಯುತ್ತದೆ, ಏರಿದಾಗ ವಲಸೆ ಹೋಗುತ್ತವೆ, ದಾರಿಯಲ್ಲಿ ನೀರು ದಾಟುವಾಗ ಕೆಲವು ಮುಳುಗುತ್ತವೆ. ಆ ಏರಿಳಿತಕ್ಕೆ ಕಾರಣ ಆಹಾರವೋ ಬೇಟೆಗಾರ ಪ್ರಾಣಿಗಳೋ ಎಂಬ ಪ್ರಶ್ನೆ ಪರಿಸರ ವಿಜ್ಞಾನಿಗಳನ್ನು ದಶಕಗಳ ಕಾಲ ಕಾಡಿದೆ. ಅದನ್ನು ಚಿತ್ರಿಸಲು ಬಂಡೆಯಂಚು ಬೇಕಿರಲಿಲ್ಲ.

ಅಷ್ಟು ಘೋರವಲ್ಲದ, ಆದ್ದರಿಂದಲೇ ತೀರ್ಮಾನಿಸಲು ಕಷ್ಟವಾದ ಪ್ರಕರಣ 2011ರ ‘ಫ್ರೋಜನ್ ಪ್ಲಾನೆಟ್’ ಸರಣಿಯದು. ಹಿಮದ ಗುಹೆಯೊಳಗೆ ಹಿಮಕರಡಿಯ ಮರಿಗಳು ಹುಟ್ಟುವ ದೃಶ್ಯವನ್ನು ನೆದರ್‌ಲೆಂಡ್ಸ್‌ನ ಮೃಗಾಲಯವೊಂದರಲ್ಲಿ ಚಿತ್ರೀಕರಿಸಲಾಗಿತ್ತು, ಆದರೆ ಹೊರಗಿನ ಕಾಡು ಹಿಮದ ದೃಶ್ಯಗಳ ನಡುವೆ ಅದನ್ನು ಜೋಡಿಸಿದ ರೀತಿಯಿಂದ ಅದೆಲ್ಲ ಒಂದೇ ಜಾಗವೆಂದು ತೋರುತ್ತಿತ್ತು. ಕಾಡಿನ ಗುಹೆಗೆ ಕ್ಯಾಮೆರಾ ತೂರಿಸಿದರೆ ತಾಯಿ ಮರಿಗಳನ್ನು ತೊರೆಯುವ ಅಥವಾ ಕೊಲ್ಲುವ ಅಪಾಯವಿದೆ ಎಂಬ ತಯಾರಕರ ಸಮಜಾಯಿಷಿ ಸರಿಯಾದದ್ದೇ. ವಿವರವನ್ನು ಜಾಲತಾಣದಲ್ಲಿ ಕೊಟ್ಟಿದ್ದೆವು ಎಂಬುದೂ ನಿಜವೇ. ಆದರೂ ಹಿನ್ನೆಲೆ ಧ್ವನಿಗೆ ‘ಮೃಗಾಲಯ’ ಎಂಬ ಒಂದು ಪದ ಸೇರಿಸಿದ್ದರೆ ದೃಶ್ಯದ ಸೊಬಗು ಎಷ್ಟು ಕುಂದುತ್ತಿತ್ತು?

ಶಬ್ದದ ವಿಷಯ ಎತ್ತಿದರಂತೂ ಈ ಚರ್ಚೆ ಎಲ್ಲಿಗೆ ಹೋಗಿ ನಿಲ್ಲುತ್ತದೆಯೋ ತಿಳಿಯದು. ಅರ್ಧ ಕಿಲೋಮೀಟರ್ ದೂರದಿಂದ ಉದ್ದ ಮಸೂರದಲ್ಲಿ ತೆಗೆದ ಕರಡಿಯ ಹೆಜ್ಜೆಸಪ್ಪಳವನ್ನು ಯಾವ ಮೈಕ್ರೊಫೋನೂ ಹಿಡಿಯಲಾರದು.

ಕತ್ತರಿಕೋಣೆ:

ಹಿಡಿಯುವುದಿಲ್ಲ. ಹಿಮದ ಮೇಲೆ ನಡೆಯುವ ಸದ್ದನ್ನು ಸ್ಟುಡಿಯೋದಲ್ಲಿ ಜೋಳದ ಪಿಷ್ಟ ತುಂಬಿದ ಚೀಲವನ್ನು ಹಿಸುಕಿ ಮಾಡುವುದು ಹಳೆಯ ಪದ್ಧತಿ. ಚಿತ್ರದ ವೇಗಕ್ಕೆ ಸರಿಯಾಗಿ, ಒಂದೊಂದು ಪಾದಕ್ಕೂ ಬೇರೆ ಬೇರೆ ಒತ್ತಡ ಕೊಟ್ಟು ಹಿಸುಕಬೇಕು. ಮುಂಗಾಲಿಗೂ ಹಿಂಗಾಲಿಗೂ ಒಂದೇ ಸದ್ದು ಬಂದರೆ ಕಿವಿ ಕೂಡಲೇ ಮೋಸವನ್ನು ಗುರುತಿಸುತ್ತದೆ. ಜೇಡ ನಡೆಯುವಾಗ ಕೇಳುವ ಟಿಕಟಿಕ ಸದ್ದಿಗೆ ಪ್ರಕೃತಿಯಲ್ಲಿ ಮೂಲವೇ ಇರಬೇಕೆಂದಿಲ್ಲ. ಆದರೆ ಶಬ್ದವಿಲ್ಲದ ಚಿತ್ರವನ್ನು ಪ್ರೇಕ್ಷಕರ ಮುಂದಿಟ್ಟರೆ ಅವರು ಟೀವಿ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಈ ಒಂದು ಕೃತಕತೆಯನ್ನು ನಾನು ಸಮರ್ಥಿಸುತ್ತೇನೆ, ಏಕೆಂದರೆ ಅದರಿಂದ ಪ್ರಾಣಿಯ ಬಗ್ಗೆ ಯಾರೂ ಸುಳ್ಳು ತೀರ್ಮಾನಕ್ಕೆ ಬರುವುದಿಲ್ಲ. ಲೆಮಿಂಗ್ ಚಿತ್ರದಿಂದ ಬಂದರು. ನನ್ನ ಮಟ್ಟಿಗೆ ಗೆರೆ ಅಲ್ಲಿದೆ.

ಮೂಳೆಗೂಡು:

ಆ ಗೆರೆಯನ್ನೇ ಡೈನೊಸಾರ್‌ಗಳಿಗೆ ಹಚ್ಚಿ ನೋಡೋಣ. 1999ರ ‘ವಾಕಿಂಗ್ ವಿತ್ ಡೈನೊಸಾರ್ಸ್’ ಸರಣಿ ಮಾಡಿದ ಜಾಣತನವೆಂದರೆ ಪ್ರಕೃತಿ ಚಿತ್ರದ ವ್ಯಾಕರಣವನ್ನು ಹಾಗೆಹಾಗೆಯೇ ಎತ್ತಿಕೊಂಡದ್ದು. ಕಂತುಗಳ ಕಥನದೊಳಗೆ ಪಳೆಯುಳಿಕೆಯಿಲ್ಲ, ಅಗೆಯುವವರಿಲ್ಲ, ವಿವರಿಸುವ ವಿಜ್ಞಾನಿಯಿಲ್ಲ. ಕ್ಯಾಮೆರಾ ಅಲ್ಲಿಯೇ ಇತ್ತೆಂಬ ಭ್ರಮೆ ಮಾತ್ರ. ಅದರಲ್ಲಿ ಲಿಯೊಪ್ಲೂರೊಡಾನ್ ಎಂಬ ಕಡಲ ಸರೀಸೃಪವನ್ನು 25 ಮೀಟರ್ ಉದ್ದದ ದೈತ್ಯನಾಗಿ ತೋರಿಸಿದರು. ಈಗಿನ ಅಂದಾಜು ಏಳು ಮೀಟರಿನ ಆಸುಪಾಸಿನಲ್ಲಿದೆ. ಆಗಲೂ ಆ ಗಾತ್ರ ತುಣುಕು ಮೂಳೆಗಳನ್ನು ನೆಚ್ಚಿಕೊಂಡ ಸಾಹಸದ ಊಹೆಯಾಗಿತ್ತು, ಆದರೆ ಹಿನ್ನೆಲೆ ಧ್ವನಿ ಅದನ್ನು ಊಹೆಯೆಂದು ಹೇಳಲಿಲ್ಲ. ಕತ್ತರಿಕೋಣೆ ಅವರು ಹೇಳಿದ ಮುಖವಿಲ್ಲದ ಖಚಿತತೆ ಇದೇ.

ನನಗೆ ಬೇಸರ ತರುವುದು ತಪ್ಪಲ್ಲ, ಕೈತಪ್ಪಿದ ಅವಕಾಶ. ಡೈನೊಸಾರ್‌ಗಳ ಬಣ್ಣವನ್ನು ತಿಳಿಯಲು ಸಾಧ್ಯವೇ ಇಲ್ಲವೆಂದು ಬಹುಕಾಲ ನಂಬಲಾಗಿತ್ತು. 2010ರಲ್ಲಿ ಚೀನಾದ ಸೈನೊಸಾರಾಪ್ಟೆರಿಕ್ಸ್ ಪಳೆಯುಳಿಕೆಯ ಗರಿಯಂಥ ಎಳೆಗಳಲ್ಲಿ ವರ್ಣಕಣಗಳ ಕುರುಹು ಸಿಕ್ಕಿತು. ಇಂದಿನ ಹಕ್ಕಿಗಳಲ್ಲಿ ಉರುಟಾದ ಕಣಗಳು ಕೆಂಗಂದು ಬಣ್ಣಕ್ಕೂ ಉದ್ದನೆಯವು ಕಪ್ಪಿಗೂ ಸಂಬಂಧಪಟ್ಟಿರುವುದರಿಂದ, ಆ ಪ್ರಾಣಿಯ ಬಾಲದಲ್ಲಿ ಕೆಂಗಂದು ಮತ್ತು ಬಿಳಿ ಪಟ್ಟೆಗಳಿದ್ದವೆಂದು ತರ್ಕಿಸಲಾಯಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಒಂದು ಉರುಟು ಚುಕ್ಕೆ, ಅದರ ಪಕ್ಕದಲ್ಲಿ ಇಂದಿನ ಹಕ್ಕಿಯ ಗರಿಯ ಅಂಥದ್ದೇ ಚುಕ್ಕೆ, ಆಮೇಲೆ ಬೂದು ಪ್ರಾಣಿಯ ಬಾಲಕ್ಕೆ ಮೆಲ್ಲಗೆ ಬಣ್ಣ ತುಂಬುವುದು: ಇದಕ್ಕಿಂತ ರೋಮಾಂಚಕ ಗ್ರಾಫಿಕ್ಸ್ ಇನ್ನೇನು ಬೇಕು? ಪಾಠದ ಮನೆಯವರು ಬೆರಗನ್ನೂ ಪುರಾವೆಯನ್ನೂ ಎರಡು ಬೇರೆ ಸಾಮಗ್ರಿಗಳೆಂದು ಭಾವಿಸಿದ್ದಾರೆ. ಇಲ್ಲಿ ಪುರಾವೆಯೇ ಬೆರಗು.

ಪಾಠದ ಮನೆ:

ಈ ಉದಾಹರಣೆಗೆ ನನ್ನ ಬಳಿ ಉತ್ತರವಿಲ್ಲ, ಅದನ್ನು ತರಗತಿಗೆ ಎತ್ತಿಕೊಂಡು ಹೋಗುತ್ತೇನೆ. ಆಕಾಶದ ಚಿತ್ರಗಳಿಗೂ ಇದೇ ಮಾತು ಸಲ್ಲುತ್ತದೆ. ಹಬಲ್ ದೂರದರ್ಶಕ 1995ರಲ್ಲಿ ತೆಗೆದ ‘ಸೃಷ್ಟಿಯ ಕಂಬಗಳು’ ಚಿತ್ರದಲ್ಲಿ ಗಂಧಕದ ಅಯಾನುಗಳ ಬೆಳಕಿಗೆ ಕೆಂಪನ್ನೂ ಜಲಜನಕಕ್ಕೆ ಹಸಿರನ್ನೂ ಆಮ್ಲಜನಕಕ್ಕೆ ನೀಲಿಯನ್ನೂ ಹಂಚಲಾಗಿದೆ. ಬರಿಗಣ್ಣಿಗೆ ಜಲಜನಕದ ಆ ಬೆಳಕು ಕೆಂಪು. ಹಾಗೆಂದು ಚಿತ್ರ ಸುಳ್ಳಲ್ಲ. ಯಾವ ಅನಿಲ ಎಲ್ಲಿದೆಯೆಂದು ಬಣ್ಣದಲ್ಲಿ ಬರೆದ ನಕ್ಷೆ ಅದು. ಇಷ್ಟನ್ನು ಹೇಳಲು ಇಪ್ಪತ್ತು ಸೆಕೆಂಡು ಸಾಕು, ಹೇಳಿದ ಮೇಲೆ ವಿದ್ಯಾರ್ಥಿಗಳು ಅದೇ ಚಿತ್ರವನ್ನು ಓದಲು ತೊಡಗುತ್ತಾರೆ.

ಕಾಡುಪಾಪ:

ಬೇಕೆಂದೇ ಮಾಡುವ ವಂಚನೆಯನ್ನೂ ಹೆಸರಿಸಿಬಿಡೋಣ. ಅನಿಮಲ್ ಪ್ಲಾನೆಟ್ 2012ರಲ್ಲಿ ಮತ್ಸ್ಯಕನ್ಯೆಯರ ಬಗ್ಗೆ, ಡಿಸ್ಕವರಿ 2013ರಲ್ಲಿ ಮೆಗಲೊಡಾನ್ ಶಾರ್ಕ್ ಇನ್ನೂ ಬದುಕಿದೆಯೆಂಬಂತೆ ಪ್ರಸಾರ ಮಾಡಿದ ಕಾರ್ಯಕ್ರಮಗಳಲ್ಲಿ ನಟರೇ ವಿಜ್ಞಾನಿಗಳ ಪಾತ್ರ ವಹಿಸಿದ್ದರು. ಮೊದಲನೆಯದರ ತರುವಾಯ ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯು ಜಲಮಾನವರು ಇರುವುದಕ್ಕೆ ಯಾವ ಪುರಾವೆಯೂ ದೊರೆತಿಲ್ಲವೆಂದು ಪ್ರಕಟಿಸಬೇಕಾಯಿತು. ಮೆಗಲೊಡಾನ್ ಲಕ್ಷಾಂತರ ವರ್ಷಗಳ ಹಿಂದೆಯೇ ನಾಮಾವಶೇಷವಾಗಿದೆ. ಇವುಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಸಾಕ್ಷ್ಯಚಿತ್ರದ ವೇಷವನ್ನು ಇಷ್ಟು ಸುಲಭವಾಗಿ ತೊಡಬಹುದು ಎಂಬುದೊಂದೇ ಇಲ್ಲಿ ಮುಖ್ಯ.

ಅದಕ್ಕಿಂತ ನವಿರಾದ ತೊಡಕು ಸಮತೋಲನದ್ದು. ತಳಿವಿಜ್ಞಾನಿ ಸ್ಟೀವ್ ಜೋನ್ಸ್ 2011ರಲ್ಲಿ ಬಿಬಿಸಿ ಟ್ರಸ್ಟ್‌ಗಾಗಿ ಮಾಡಿದ ಪರಿಶೀಲನೆಯಲ್ಲಿ, ಇತ್ಯರ್ಥವಾಗಿರುವ ವೈಜ್ಞಾನಿಕ ವಿಷಯಗಳಲ್ಲೂ ಎರಡು ಕಡೆಯವರಿಗೆ ಸಮಾನ ಸ್ಥಾನ ಕೊಡುವುದರಿಂದ ವೀಕ್ಷಕರಿಗೆ ತಪ್ಪು ಚಿತ್ರಣ ಸಿಗುತ್ತದೆ ಎಂದು ಎಚ್ಚರಿಸಿದ್ದರು. ನೆರಳುಗೋಲು ಅವರ ಅಳತೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಬ್ಬರು ಎದುರುಬದುರು ಕುಳಿತು ವಾದಿಸುವುದನ್ನು ತೋರಿಸಿದರೆ ತಿಳಿಯುವುದು ಯಾರ ಮಾತು ಚುರುಕು ಎಂಬುದಷ್ಟೇ. ಇಬ್ಬರೂ ತಮ್ಮ ತಮ್ಮ ಅಳತೆಗಳನ್ನು ಮೇಜಿನ ಮೇಲಿಡಬೇಕಾಗಿ ಬಂದರೆ ಹೆಚ್ಚಿನ ವಾದಗಳು ಅಲ್ಲಿಗೇ ನಿಲ್ಲುತ್ತವೆ.

ಮೂಳೆಗೂಡು:

ಊಹೆಗೂ ಪುರಾವೆಗೂ ತೆರೆಯ ಮೇಲೆಯೇ ಗುರುತು ಹಾಕಬಾರದೇಕೆ? ಮೂಲೆಯಲ್ಲಿ ಒಂದು ಚಿಹ್ನೆ ಸಾಕಲ್ಲವೇ?

ಕತ್ತರಿಕೋಣೆ:

ಮೂಲೆ ಖಾಲಿಯಿರುವುದಿಲ್ಲ, ಅಲ್ಲಿ ವಾಹಿನಿಯ ಲಾಂಛನ ಇರುತ್ತದೆ. ಕೆಳಭಾಗ ಉಪಶೀರ್ಷಿಕೆಗಳಿಗೆ ಮೀಸಲು. ಚಿತ್ರೀಕರಣದ ಹಿನ್ನೆಲೆಯನ್ನು ಹೇಳುವ ಹತ್ತು ನಿಮಿಷದ ಬಾಲವನ್ನು ಕಂತಿನ ಕೊನೆಗೆ ಅಂಟಿಸುವ ಪರಿಪಾಠ ಒಳ್ಳೆಯದೇ, ಆದರೆ ಜಾಹೀರಾತಿಗೆ ಜಾಗ ಬೇಕಾದ ವಾಹಿನಿ ಮೊದಲು ಕತ್ತರಿಸುವುದು ಆ ಬಾಲವನ್ನೇ. ಉಳಿಯಬೇಕಾದದ್ದು ಕಥೆಯ ಒಳಗೇ ಇರಬೇಕು, ತೆಗೆದರೆ ಕಥೆ ಕುಸಿಯುವಂತಿರಬೇಕು. ‘ಫ್ರೋಜನ್ ಪ್ಲಾನೆಟ್’ ಸರಣಿಯಲ್ಲಿ ಹವಾಮಾನ ಬದಲಾವಣೆಯ ವಿಷಯವನ್ನು ಪ್ರತ್ಯೇಕವಾಗಿ ಏಳನೆಯ ಕಂತಿನಲ್ಲಿ ಇಟ್ಟಿದ್ದರಿಂದಲೇ ಅದನ್ನು ಬಿಟ್ಟು ಉಳಿದ ಆರನ್ನು ಕೊಳ್ಳುವ ಆಯ್ಕೆ ವಿದೇಶಿ ವಾಹಿನಿಗಳಿಗೆ ಸಿಕ್ಕಿತು. ಆರು ಕಂತುಗಳಲ್ಲೂ ಹೆಣೆದಿದ್ದರೆ ಬಿಡಿಸಲು ಆಗುತ್ತಿರಲಿಲ್ಲ.

ನೆರಳುಗೋಲು:

ಹಾಗಿದ್ದರೆ ಹಳತಾಗುವ ಸಮಸ್ಯೆಗೆ ಏನು ಮಾಡಬೇಕು? ಜೇಕಬ್ ಬ್ರೊನೊವ್‌ಸ್ಕಿ ಅವರ 1973ರ ‘ದಿ ಅಸೆಂಟ್ ಆಫ್ ಮ್ಯಾನ್’ ಸರಣಿಯ ಹನ್ನೊಂದನೆಯ ಕಂತು ನನ್ನ ಮಟ್ಟಿಗೆ ಈ ಪ್ರಕಾರದ ಅತ್ಯುನ್ನತ ಸಾಧನೆ. ಅಳತೆಯಲ್ಲಿ ಅನಿಶ್ಚಿತತೆ ಎಂದಿಗೂ ಅಳಿಯದು ಎಂಬ ಭೌತವಿಜ್ಞಾನದ ಮಾತಿನಿಂದ ಹೊರಟು, ತಾವು ಎಲ್ಲವನ್ನೂ ಬಲ್ಲೆವೆಂದು ನಂಬಿದವರು ಮಾಡಿದ ಅನಾಹುತಕ್ಕೆ ಬಂದು ಸೇರುವ ಅವರು, ಕೊನೆಯಲ್ಲಿ ನಾಜಿಗಳ ಹತ್ಯಾಶಿಬಿರವಿದ್ದ ಆಶ್‌ವಿಟ್ಸ್‌ನ ಕೊಳವೊಂದಕ್ಕೆ ಬೂಟುಗಾಲಿನಲ್ಲೇ ಇಳಿದು, ಬಾಗಿ, ತಳದ ಕೆಸರನ್ನು ಅಂಗೈಯಲ್ಲಿ ಎತ್ತಿಕೊಳ್ಳುತ್ತಾರೆ. ಆ ಕೊಳಕ್ಕೆ ಸುಮಾರು 40 ಲಕ್ಷ ಜನರ ಬೂದಿ ಸೇರಿದೆ ಎಂದು ಅವರು ಅಲ್ಲಿ ಹೇಳುತ್ತಾರೆ. ಅಂದು ಚಾಲ್ತಿಯಲ್ಲಿದ್ದ ಅಂಕಿ ಅದು. ಇತಿಹಾಸಕಾರರು ಈಗ ಒಪ್ಪುವ ಪ್ರಕಾರ ಆಶ್‌ವಿಟ್ಸ್‌ನಲ್ಲಿ ಕೊಲ್ಲಲ್ಪಟ್ಟವರು ಸುಮಾರು 11 ಲಕ್ಷ. ತಾವು ತಪ್ಪಿರಬಹುದೆಂದು ಯೋಚಿಸಿ ಎಂಬ ಬೇಡಿಕೆಯೇ ತಿರುಳಾಗಿರುವ ದೃಶ್ಯದಲ್ಲಿ ಈ ತಪ್ಪು ಅಂಕಿ ಕುಳಿತಿದೆ. ಅದನ್ನು ಕತ್ತರಿಸುವುದು ಅಪಚಾರ, ಹಾಗೆಯೇ ಬಿಡುವುದು ಅಂಕಿಗಳನ್ನು ತಿರುಚುವವರಿಗೆ ಅಸ್ತ್ರ ಕೊಟ್ಟಂತೆ.

ಪಾಠದ ಮನೆ:

‘ಕಾಸ್ಮೋಸ್’ ಮರುಪ್ರಸಾರವಾದಾಗ ಸೇಗನ್ ಅವರೇ ಕೆಲವು ಕಂತುಗಳ ಕೊನೆಗೆ ಬಂದು, ಆಮೇಲೆ ತಿಳಿದುಬಂದ ಹೊಸ ವಿಷಯಗಳನ್ನು ಸೇರಿಸಿದ್ದರು. ಬ್ರೊನೊವ್‌ಸ್ಕಿ ಅವರಿಗೆ ಆ ಅವಕಾಶವಿರಲಿಲ್ಲ. ಸರಣಿ ಪ್ರಸಾರವಾದ ಮರುವರ್ಷವೇ, 1974ರಲ್ಲಿ, ತೀರಿಕೊಂಡರು. ಬೇರೆಯವರ ಧ್ವನಿಯನ್ನು ಆ ದೃಶ್ಯದ ಮೇಲೆ ಕೂಡಿಸುವುದನ್ನು ನಾನು ಒಪ್ಪಲಾರೆ. ಕಂತಿಗೆ ಮುಂಚೆ ಒಂದು ಬರಹದ ಫಲಕ ಸಾಕು.

ಕತ್ತರಿಕೋಣೆ:

ಮುಂಚೆಯೇ ಇರಬೇಕು ಎಂಬುದಕ್ಕೆ ನನ್ನ ಸಹಮತವಿದೆ, ಏಕೆಂದರೆ ಕೊನೆಯ ಹೆಸರುಪಟ್ಟಿಯನ್ನು ಈಗ ಯಾವ ವಾಹಿನಿಯೂ ಪೂರ್ತಿಯಾಗಿ ಓಡಲು ಬಿಡುವುದಿಲ್ಲ. ದೃಶ್ಯದ ಮೇಲೆ ಬರೆಯುವ ಯೋಚನೆಯನ್ನಂತೂ ಬಿಟ್ಟುಬಿಡಿ. ಆ ಕಾಲದ ಚಿತ್ರಗಳ ಚೌಕಟ್ಟು ಅಗಲ ನಾಲ್ಕಕ್ಕೆ ಎತ್ತರ ಮೂರರ ಅನುಪಾತದ್ದು. ಇಂದಿನ ಅಗಲ ತೆರೆಗೆ ಹೊಂದಿಸಲು ಅವುಗಳ ಮೇಲಂಚನ್ನೂ ಕೆಳಂಚನ್ನೂ ಕತ್ತರಿಸುವವರಿದ್ದಾರೆ. ಹಾಗೆ ಕತ್ತರಿಸಿದಾಗ ನಕ್ಷೆ, ಆಲೇಖಗಳ ಅಕ್ಷದ ಅಂಕಿಗಳು ಅರ್ಧಕ್ಕೆ ತುಂಡಾಗುತ್ತವೆ, ಕೆಳಗೆ ಬರೆದ ತಿದ್ದುಪಡಿಯೂ ಜೊತೆಗೇ ಹೋಗುತ್ತದೆ. ಹಳೆಯ ಸರಣಿಗಳನ್ನು ನೋಡುವವರು ಎರಡೂ ಬದಿಗೆ ಕಪ್ಪು ಪಟ್ಟಿಗಳಿರುವ ಪ್ರತಿಯನ್ನೇ ಹುಡುಕಿಕೊಳ್ಳುವುದು ಒಳ್ಳೆಯದು. ಪೂರ್ತಿ ಚಿತ್ರ ಇರುವುದು ಅದರಲ್ಲೇ.